ಹಳೆಯ ಮೊಬೈಲ್ ಫೋನಿನಲ್ಲಿ ಸುರಕ್ಷಿತ ಸರ್ವರ್: ಎಸ್‌ಎಸ್‌ಎಚ್ ಅಳವಡಿಕೆಯ ಕ್ರಮ ಮತ್ತು ಎಚ್ಚರಿಕೆಗಳು

ಸಣ್ಣ ಉದ್ದಿಮೆಗಳಲ್ಲಿ ವ್ಯವಹಾರದ ದಾಖಲೆಗಳು ಇಂದು ಒಂದೇ ಕಡೆ ಇರುವುದಿಲ್ಲ. ಲೆಕ್ಕಪತ್ರ ಕಚೇರಿಯ ಗಣಕಯಂತ್ರದಲ್ಲಿ, ಗಿರಾಕಿ ಕಳುಹಿಸಿದ ಡ್ರಾಯಿಂಗ್ ಮಾಲೀಕರ ಫೋನಿನಲ್ಲಿ, ಇ-ವೇ ಬಿಲ್ಲಿನ ಪ್ರತಿ ಗುಮಾಸ್ತರ ಬಳಿ ಇರುವುದು ಸಾಮಾನ್ಯ. ಕೇಂದ್ರ ಜಿಎಸ್‌ಟಿ ಕಾಯಿದೆ, 2017ರ 36ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳುಗಳ ಕಾಲ ಕಾಪಾಡಿಕೊಂಡು ಬರಬೇಕು. ಆದರೆ ಒಂದು ಹಾರ್ಡ್ ಡಿಸ್ಕ್ ಕೆಟ್ಟರೆ ಅಥವಾ ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ, ಆರು ವರ್ಷಗಳ ದಾಖಲೆ ಒಂದೇ ರಾತ್ರಿಯಲ್ಲಿ ಇಲ್ಲವಾಗಬಹುದು.

ಇದಕ್ಕಾಗಿ ದುಬಾರಿ ಸರ್ವರ್ ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಬಹುತೇಕ ಅಂಗಡಿಗಳ ಮೇಜಿನ ಖಾನೆಯಲ್ಲಿ ಬಳಕೆ ತಪ್ಪಿದ ಒಂದು ಆಂಡ್ರಾಯ್ಡ್ ಫೋನು ಇದ್ದೇ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಇರುವುದರಿಂದ ವಿದ್ಯುತ್ ಹೋದಾಗಲೂ ಅದು ನಿಲ್ಲುವುದಿಲ್ಲ. ಇಂತಹ ಫೋನನ್ನು ಸುರಕ್ಷಿತ ಸರ್ವರ್ ಆಗಿ ಬಳಸುವ ಕ್ರಮವನ್ನೂ ಅದರ ಮಿತಿಗಳನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ಎಸ್‌ಎಸ್‌ಎಚ್ ಎಂದರೇನು?

ಎಸ್‌ಎಸ್‌ಎಚ್ ಅಥವಾ ಸೆಕ್ಯೂರ್ ಶೆಲ್ ಎಂಬುದು ಒಂದು ಗಣಕಯಂತ್ರದಿಂದ ಇನ್ನೊಂದನ್ನು ನಿಯಂತ್ರಿಸಲು ಹಾಗೂ ಅವುಗಳ ನಡುವೆ ಕಡತಗಳನ್ನು ಸಾಗಿಸಲು ಇರುವ ವಿಧಾನ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದಾಲಿಸಿದ ಘಟನೆಯ ತರುವಾಯ, ಅಲ್ಲಿನ ಟಾಟು ಯಲೋನೆನ್ ಅವರು 1995ರಲ್ಲಿ ಇದನ್ನು ರೂಪಿಸಿದರು. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ಟೆಲ್‌ನೆಟ್ ಮತ್ತು ಎಫ್‌ಟಿಪಿ ವಿಧಾನಗಳಲ್ಲಿ ಗುಪ್ತಪದವು ಅಂಚೆ ಕಾರ್ಡಿನ ಬರಹದಂತೆ ಬಯಲಾಗಿಯೇ ಸಾಗುತ್ತಿತ್ತು. ಎಸ್‌ಎಸ್‌ಎಚ್ ಇಡೀ ಸಂಭಾಷಣೆಯನ್ನು ಗೂಢಲಿಪಿಗೆ ಪರಿವರ್ತಿಸುತ್ತದೆ. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಇದರ ಮುಕ್ತ ಆವೃತ್ತಿಯಾದ ಓಪನ್‌ಎಸ್‌ಎಸ್‌ಎಚ್ ಅನ್ನು ಹೊರತಂದರು. ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳಲ್ಲಿ ಇರುವುದು ಇದೇ.

ಯಾವ ಫೋನು ಯೋಗ್ಯ?

ಈ ವಿಷಯದಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಬ್ಯಾಂಕಿನ ಒಟಿಪಿ ಬರುವ ಸಿಮ್, ಯುಪಿಐ ಅಥವಾ ಬ್ಯಾಂಕಿಂಗ್ ಆಪ್ ಇರುವ ಫೋನನ್ನು ಸರ್ವರ್ ಮಾಡಕೂಡದು. ಗಲ್ಲಾಪೆಟ್ಟಿಗೆಯನ್ನು ಗೋದಾಮಿನ ಬಾಗಿಲಿನಲ್ಲಿ ಯಾರೂ ಇಡುವುದಿಲ್ಲವಷ್ಟೆ. ಆದುದರಿಂದ ಹಳೆಯ ಫೋನನ್ನು ಪೂರ್ತಿ ಅಳಿಸಿ, ಸಿಮ್ ತೆಗೆದು, ವೈ-ಫೈ ಮಾತ್ರ ಉಳಿಸಿಕೊಂಡು ಈ ಕೆಲಸಕ್ಕೇ ಮೀಸಲಿಡಬೇಕು. ಆಂಡ್ರಾಯ್ಡ್ 7 ಅಥವಾ ನಂತರದ ಆವೃತ್ತಿ ಇರಬೇಕು. ಬ್ಯಾಟರಿ ಉಬ್ಬಿರುವ ಫೋನನ್ನು ಎಂದಿಗೂ ಬಳಸಬಾರದು. ಸದಾ ಚಾರ್ಜಿನಲ್ಲಿರುವ ಬ್ಯಾಟರಿ ಬೇಗ ಹದಗೆಡುವುದರಿಂದ, ಫೋನಿನಲ್ಲಿ ಚಾರ್ಜ್ ಮಿತಿಗೊಳಿಸುವ ಸೌಲಭ್ಯವಿದ್ದರೆ ಬಳಸಿಕೊಳ್ಳಬೇಕು. ಇಲ್ಲವಾದರೆ ಚಾರ್ಜರಿಗೆ ಟೈಮರ್ ಅಳವಡಿಸುವುದು ಲೇಸು.

ಅಳವಡಿಸುವ ಕ್ರಮ

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ, ಫೋನಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರದಿಂದ ಟರ್ಮಕ್ಸ್ ಎಂಬ ಉಚಿತ ಆಪ್ ಅನ್ನು ಪಡೆಯಿರಿ. ಇದು ಫೋನಿನ ಮೂಲ ವ್ಯವಸ್ಥೆಯನ್ನು ಕೆದಕದೆ, ಅದರೊಳಗೆ ಲಿನಕ್ಸ್ ಮಾದರಿಯ ಪರಿಸರವೊಂದನ್ನು ಒದಗಿಸುತ್ತದೆ.

2. ಆಪ್ ತೆರೆದು ‘ಪಿಕೆಜಿ ಅಪ್‌ಗ್ರೇಡ್’ ಎಂಬ ಆಜ್ಞೆಯಿಂದ ಅದನ್ನು ನವೀಕರಿಸಿ. ಬಳಿಕ ‘ಪಿಕೆಜಿ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್’ ಎಂದು ಟೈಪ್ ಮಾಡಿ.

3. ‘ಪಾಸ್‌ಡಬ್ಲ್ಯುಡಿ’ ಆಜ್ಞೆಯಿಂದ ತಾತ್ಕಾಲಿಕ ಗುಪ್ತಪದ ಕೊಡಿ. ‘ಹೂ ಆಮ್ ಐ’ ಎಂಬ ಮೂರು ಪದಗಳನ್ನು ಜಾಗ ಬಿಡದೆ ಟೈಪ್ ಮಾಡಿದರೆ ಬಳಕೆದಾರ ಹೆಸರು ತೆರೆಯ ಮೇಲೆ ಬರುತ್ತದೆ. ಅದನ್ನು ಬರೆದುಕೊಳ್ಳಿ.

4. ‘ಎಸ್‌ಎಸ್‌ಎಚ್‌ಡಿ’ ಎಂಬ ಆಜ್ಞೆ ಕೊಟ್ಟೊಡನೆ ಸರ್ವರ್ ಆರಂಭವಾಗುತ್ತದೆ. ಎಸ್‌ಎಸ್‌ಎಚ್‌ಗೆ ವಾಡಿಕೆಯ ಪೋರ್ಟ್ ಸಂಖ್ಯೆ 22. ಆದರೆ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ವ್ಯವಸ್ಥೆಯ ಒಡೆತನದವರಿಗೆ ಮೀಸಲಾಗಿರುವುದರಿಂದ, ಟರ್ಮಕ್ಸ್ 8022ನ್ನು ಬಳಸುತ್ತದೆ.

5. ಫೋನಿನ ವೈ-ಫೈ ವಿವರಗಳಲ್ಲಿ 192.168 ಎಂದು ಆರಂಭವಾಗುವಂತಹ ವಿಳಾಸವೊಂದು ಕಾಣುತ್ತದೆ. ರೌಟರಿನಲ್ಲಿ ಆ ವಿಳಾಸವನ್ನು ಈ ಫೋನಿಗೆ ಕಾಯಂ ಆಗಿ ಮೀಸಲಿಡಿ.

6. ಕಚೇರಿಯ ಗಣಕಯಂತ್ರದಲ್ಲಿ ವಿನ್‌ಎಸ್‌ಸಿಪಿ ಅಥವಾ ಫೈಲ್‌ಜಿಲ್ಲಾ ತೆರೆದು ಎಸ್‌ಎಫ್‌ಟಿಪಿ ವಿಧಾನ ಆರಿಸಿ, ವಿಳಾಸ, ಪೋರ್ಟ್, ಹೆಸರು, ಗುಪ್ತಪದಗಳನ್ನು ನಮೂದಿಸಿದರೆ ಫೋನಿನ ಕಡತಗಳು ಕಾಣಿಸುತ್ತವೆ.

ಮೊದಲ ಬಾರಿ ಸಂಪರ್ಕಿಸುವಾಗ ಸರ್ವರಿನ ‘ಬೆರಳಚ್ಚು’ ತೆರೆಯ ಮೇಲೆ ಬರುತ್ತದೆ. ಫೋನಿನಲ್ಲಿ ಪಡೆದ ಬೆರಳಚ್ಚಿನೊಡನೆ ತಾಳೆ ನೋಡಿಯೇ ಒಪ್ಪಿಗೆ ಕೊಡಬೇಕು. ಮುಂದೆ ಎಂದಾದರೂ ಬೆರಳಚ್ಚು ಬದಲಾಗಿದೆ ಎಂಬ ಎಚ್ಚರಿಕೆ ಬಂದಲ್ಲಿ, ನೀವೇ ಆಪ್ ಅನ್ನು ಮರುಸ್ಥಾಪಿಸಿಲ್ಲವೆಂದರೆ ಸಂಪರ್ಕವನ್ನು ಕೂಡಲೇ ನಿಲ್ಲಿಸಿ. ನಡುವೆ ಬೇರೊಂದು ಯಂತ್ರ ನಿಂತಿರುವ ಸಾಧ್ಯತೆ ಉಂಟು.

ಗುಪ್ತಪದದ ಬದಲು ಬೀಗ ಮತ್ತು ಬೀಗದ ಕೈ

ಗುಪ್ತಪದವನ್ನು ಊಹಿಸಬಹುದು, ಬಾಯಿಂದ ಬಾಯಿಗೆ ದಾಟಿಸಬಹುದು. ಇದಕ್ಕೆ ಪರಿಹಾರ ಜೋಡಿ ಕೀಲಿಗಳ ಪದ್ಧತಿ. ಗಣಕಯಂತ್ರದಲ್ಲಿ ಎಸ್‌ಎಸ್‌ಎಚ್-ಕೀಜೆನ್ ಆಜ್ಞೆಯಿಂದ ಎರಡು ಕಡತಗಳು ಹುಟ್ಟುತ್ತವೆ. ಒಂದು ಸಾರ್ವಜನಿಕ, ಅದು ಬೀಗದಂತೆ, ಯಾರ ಕೈಗೆ ಕೊಟ್ಟರೂ ನಷ್ಟವಿಲ್ಲ. ಇನ್ನೊಂದು ಖಾಸಗಿ; ಅದು ಬೀಗದ ಕೈಯಂತೆ, ಆ ಗಣಕಯಂತ್ರವನ್ನು ಬಿಟ್ಟು ಕದಲಕೂಡದು. ಕೀಲಿಯ ಬಗೆ ಇಡಿ25519 ಆಗಿರಲಿ, ಖಾಸಗಿ ಕಡತಕ್ಕೆ ಗುಪ್ತವಾಕ್ಯವೂ ಇರಲಿ. ಸಾರ್ವಜನಿಕ ಕಡತದ ಒಂದೇ ಸಾಲನ್ನು ಫೋನಿನ ಆಥರೈಸ್ಡ್ ಕೀಸ್ ಎಂಬ ಕಡತದಲ್ಲಿ ಸೇರಿಸಬೇಕು. ಕೀಲಿಯಿಂದ ಪ್ರವೇಶ ದೊರೆಯುತ್ತಿದೆ ಎಂದು ಖಚಿತವಾದ ಮೇಲೆ, ಸರ್ವರಿನ ಸಂರಚನಾ ಕಡತದಲ್ಲಿ ಗುಪ್ತಪದದ ಪ್ರವೇಶಕ್ಕೆ ‘ನೋ’ ಎಂದು ಬರೆದು ಸರ್ವರನ್ನು ಮತ್ತೆ ಆರಂಭಿಸಬೇಕು.

ಪ್ರತಿಯೊಬ್ಬರಿಗೂ ಪ್ರತ್ಯೇಕ ಕೀಲಿ ಇರಲಿ. ಗುಮಾಸ್ತರೊಬ್ಬರು ಕೆಲಸ ಬಿಟ್ಟುಹೋದಾಗ ಅವರ ಸಾಲೊಂದನ್ನು ಅಳಿಸಿದರೆ ಸಾಕು, ಉಳಿದವರಿಗೆ ತೊಂದರೆಯಿಲ್ಲ. ಒಂದೇ ಗುಪ್ತಪದವನ್ನು ಐದು ಮಂದಿ ಹಂಚಿಕೊಂಡಿದ್ದರೆ ಈ ಅನುಕೂಲವಿರದು.

ಒಳಬಂದವರಿಗೆ ಎಷ್ಟು ಕಾಣುತ್ತದೆ?

ಪ್ರವೇಶ ಪಡೆದವರಿಗೆ ಟರ್ಮಕ್ಸ್ ಆಪ್‌ಗೆ ಇರುವಷ್ಟೇ ಅಧಿಕಾರ ದೊರೆಯುತ್ತದೆ. ಇತರ ಆಪ್‌ಗಳ ಖಾಸಗಿ ದತ್ತಾಂಶ ಅವರಿಗೆ ನಿಲುಕದು. ಆದರೆ ಸಂಗ್ರಹಣೆಯ ಅನುಮತಿ ಕೊಟ್ಟಿದ್ದರೆ ಚಿತ್ರಗಳು, ಡೌನ್‌ಲೋಡ್‌ಗಳು ಕಾಣುತ್ತವೆ. ಟರ್ಮಕ್ಸ್ ಎಪಿಐ ಎಂಬ ಪೂರಕ ಆಪ್ ಹಾಕಿ ಅನುಮತಿ ಇತ್ತರೆ ಎಸ್‌ಎಂಎಸ್ ಸಂದೇಶಗಳನ್ನು ಸಹ ಓದಬಹುದು. ನಮ್ಮ ಕೆಲಸಕ್ಕೆ ಅದರ ಅಗತ್ಯವಿಲ್ಲ, ಹಾಕದಿರುವುದೇ ಕ್ಷೇಮ.

ಸರ್ವರ್ ನಿಂತುಹೋಗುವ ಕಾರಣಗಳು

ಬ್ಯಾಟರಿ ಉಳಿಸುವ ಸಲುವಾಗಿ ಆಂಡ್ರಾಯ್ಡ್ ಹಿನ್ನೆಲೆಯ ಆಪ್‌ಗಳನ್ನು ನಿದ್ರೆಗೆ ದೂಡುತ್ತದೆ. ಟರ್ಮಕ್ಸ್ ಅನ್ನು ಬ್ಯಾಟರಿ ಮಿತಿಯಿಂದ ಹೊರಗಿಟ್ಟು, ‘ಟರ್ಮಕ್ಸ್-ವೇಕ್-ಲಾಕ್’ ಆಜ್ಞೆ ಕೊಡುವುದು ಅವಶ್ಯ. ಫೋನು ಮರುಚಾಲನೆಗೊಂಡಾಗ ಸರ್ವರ್ ತಾನಾಗಿ ಏಳಲು ಟರ್ಮಕ್ಸ್ ಬೂಟ್ ಎಂಬ ಪೂರಕ ಆಪ್ ಇದೆ. ಆದರೂ ಇತ್ತೀಚಿನ ಆಂಡ್ರಾಯ್ಡ್‌ಗಳಲ್ಲಿ ತೆರೆಯ ಬೀಗವನ್ನು ಯಾರಾದರೂ ಒಮ್ಮೆ ತೆಗೆಯುವವರೆಗೆ ಕಡತಗಳು ಗೂಢಲಿಪಿಯಲ್ಲೇ ಇರುತ್ತವೆ. ಫೋನು ಕಳುವಾದರೆ ಇದೇ ನಮಗೆ ರಕ್ಷಣೆ. ಆದಕಾರಣ ತೆರೆಯ ಬೀಗವನ್ನು ತೆಗೆದುಹಾಕುವ ಅಡ್ಡದಾರಿ ಬೇಡ.

ಊರಾಚೆಯಿಂದ ತಲುಪುವ ಬಗೆ

ಕಾರ್ಖಾನೆ ಪೀಣ್ಯದಲ್ಲಿದ್ದು ಮಾಲೀಕರು ಮಾರಾಟಕ್ಕೆಂದು ಕೊಯಮತ್ತೂರಿಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. 192.168ರ ವಿಳಾಸ ಕಾರ್ಖಾನೆಯ ಒಳಗೆ ಮಾತ್ರ ಸಲ್ಲುತ್ತದೆ. ರೌಟರಿನಲ್ಲಿ ಪೋರ್ಟ್ ತೆರೆದು ಹೊರಗಿನಿಂದ ಬರಬಹುದಾದರೂ ಅದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಅನೇಕ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಾರೆ. ರೌಟರಿನ ಹೊರವಿಳಾಸವು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಈ ದಾರಿ ಮುಚ್ಚಿದೆಯೆಂದೇ ಅರ್ಥ. ಎರಡನೆಯದಾಗಿ, ತೆರೆದ ಪೋರ್ಟನ್ನು ಸ್ವಯಂಚಾಲಿತ ಕ್ರಮವಿಧಿಗಳು ಹಗಲಿರುಳು ತಟ್ಟಿ ನೋಡುತ್ತಲೇ ಇರುತ್ತವೆ. ಹಳೆಯ ಫೋನಿಗೆ ತಯಾರಕರ ಭದ್ರತಾ ಪರಿಷ್ಕರಣೆಗಳು ನಿಂತುಹೋಗಿರುವುದರಿಂದ ಅದನ್ನು ನೇರವಾಗಿ ಅಂತರ್ಜಾಲಕ್ಕೆ ಒಡ್ಡುವುದು ತರವಲ್ಲ.

ವೈರ್‌ಗಾರ್ಡ್ ತಂತ್ರವನ್ನು ಆಧರಿಸಿದ ಖಾಸಗಿ ಜಾಲ ಇದಕ್ಕಿಂತ ಉತ್ತಮ. ಟೇಲ್‌ಸ್ಕೇಲ್‌ನಂತಹ ಆಪ್ ಅನ್ನು ಫೋನು ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಹಾಕಿದರೆ, ರೌಟರಿನಲ್ಲಿ ಯಾವ ಬಾಗಿಲನ್ನೂ ತೆರೆಯದೆ ಅವು ಪರಸ್ಪರ ಸೇರುತ್ತವೆ. ವಾಣಿಜ್ಯ ಬಳಕೆಯ ಷರತ್ತು ಹಾಗೂ ಶುಲ್ಕಗಳನ್ನು ಮುಂಚಿತವಾಗಿ ಓದಿಕೊಳ್ಳಿ. ಆ ಖಾತೆಗೆ ಎರಡು ಹಂತದ ದೃಢೀಕರಣ ಕಡ್ಡಾಯವಾಗಿರಲಿ.

ಪ್ರತಿಗಳನ್ನು ಇಡುವ ಪದ್ಧತಿ

ದಿನದ ವಹಿವಾಟು ಮುಗಿದ ಮೇಲೆ ಲೆಕ್ಕದ ಕಡತದ ಪ್ರತಿಯನ್ನು ದಿನಾಂಕದ ಹೆಸರಿನ ಫೋಲ್ಡರಿನಲ್ಲಿ ಫೋನಿಗೆ ಕಳುಹಿಸಿ. ನಿನ್ನೆಯ ಪ್ರತಿಯ ಮೇಲೆಯೇ ಇಂದಿನದನ್ನು ಬರೆಯಬೇಡಿ. ಕಡತ ಕೆಟ್ಟಿರುವುದು ಮೂರು ದಿನಗಳ ಬಳಿಕ ತಿಳಿದರೆ ಹಳೆಯ ಒಳ್ಳೆಯ ಪ್ರತಿ ಉಳಿದಿರಬೇಕಲ್ಲವೆ? ಫೋನಿಗೆ ಬರೆಯಬಲ್ಲ ಕೀಲಿ ಕಚೇರಿಯ ಗಣಕಯಂತ್ರದಲ್ಲೇ ಇರುವುದರಿಂದ, ಅಲ್ಲಿಗೆ ನುಗ್ಗಿದವರು ಫೋನಿನ ಪ್ರತಿಗಳನ್ನೂ ಅಳಿಸಬಲ್ಲರು. ಆದ್ದರಿಂದ ಫೋನಿನ ಪ್ರತಿಯೊಂದನ್ನೇ ನೆಚ್ಚಿಕೊಳ್ಳದೆ, ತಿಂಗಳಿಗೊಮ್ಮೆ ಇನ್ನೊಂದು ಪ್ರತಿಯನ್ನು ಹೊರ ಡಿಸ್ಕಿಗೆ ಇಳಿಸಿ, ಸಂಪರ್ಕ ಕಳಚಿ, ಬೇರೆ ಸ್ಥಳದಲ್ಲಿ ಇಡಬೇಕು.

ಕಾನೂನಿನ ಅಂಶಗಳು

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ 43ನೇ ಕಲಮಿನಂತೆ ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಪರಿಹಾರಕ್ಕೆ ಗುರಿಪಡಿಸುತ್ತದೆ. ವಂಚನೆಯ ಉದ್ದೇಶವಿದ್ದರೆ 66ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಯಾರಿಗೆ ಯಾವ ಕೀಲಿ ಕೊಡಲಾಗಿದೆ, ಎಂದು ಹಿಂಪಡೆಯಲಾಗಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅನುಮತಿಯ ಪ್ರಶ್ನೆ ಬಂದಾಗ ಅದು ಪುರಾವೆಯಾಗುತ್ತದೆ. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಅದು ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಇದು 2022ರ ಸೆಪ್ಟೆಂಬರ್ 25ರಿಂದ ಅನ್ವಯಿಸಿದೆ.

ಪ್ರತಿ ತಿಂಗಳ ತಪಾಸಣೆ

ಅ) ಟರ್ಮಕ್ಸ್ ಮತ್ತು ಓಪನ್‌ಎಸ್‌ಎಸ್‌ಎಚ್ ನವೀಕರಣಗೊಂಡಿವೆಯೆ?
ಆ) ಕೀಲಿಗಳ ಪಟ್ಟಿಯಲ್ಲಿ ಈಗ ಕೆಲಸದಲ್ಲಿ ಇಲ್ಲದವರ ಸಾಲು ಉಳಿದಿದೆಯೆ?
ಇ) ಗುಪ್ತಪದದ ಪ್ರವೇಶ ಈಗಲೂ ಮುಚ್ಚಿದೆಯೆ?
ಈ) ಫೋನು ಬಿಸಿಯಾಗುತ್ತಿದೆಯೆ, ಬ್ಯಾಟರಿ ಉಬ್ಬಿದೆಯೆ?
ಉ) ಪ್ರತಿಯೊಂದನ್ನು ಬೇರೆ ಗಣಕಯಂತ್ರಕ್ಕೆ ಇಳಿಸಿ, ಲೆಕ್ಕದ ತಂತ್ರಾಂಶದಲ್ಲಿ ತೆರೆದು ನೋಡಲಾಗಿದೆಯೆ?

ಇವುಗಳಲ್ಲಿ ಕೊನೆಯದೇ ಮುಖ್ಯವಾದುದು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಕಾರ್ಖಾನೆಯ ಒಳಜಾಲದಲ್ಲಿ ಮಾತ್ರ ಈ ವ್ಯವಸ್ಥೆಯನ್ನು ಆರಂಭಿಸಿ. ಒಂದು ತಿಂಗಳು ತೊಡಕಿಲ್ಲದೆ ನಡೆದ ಬಳಿಕವಷ್ಟೇ ಹೊರಗಿನ ಪ್ರವೇಶದ ವಿಚಾರಕ್ಕೆ ಕೈಹಾಕುವುದು ಸೂಕ್ತ.