ರೋಹಿತದ ಸಾಕ್ಷ್ಯ ಎಷ್ಟು ನಂಬತಕ್ಕುದು?

ಉಪ್ಪು ಹಾಕಿದ ಗಂಜಿ ಉಕ್ಕಿ ಒಲೆಗೆ ಬಿದ್ದಾಗ ಅನಿಲದ ನೀಲಿ ಜ್ವಾಲೆ ಒಮ್ಮೆಲೇ ಹಳದಿಯಾಗುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಉಪ್ಪಿನಲ್ಲಿರುವ ಸೋಡಿಯಂ ಧಾತುವೇ ಇದಕ್ಕೆ ಕಾರಣ. ಆ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದರೆ 589.0 ಮತ್ತು 589.6 ನ್ಯಾನೋಮೀಟರ್ ತರಂಗದೂರಗಳಲ್ಲಿ ಎರಡು ಹಳದಿ ಗೆರೆಗಳು ಒತ್ತಾಗಿ ನಿಂತಿರುತ್ತವೆ. ಗೆರೆ ಕಂಡರೆ ಸೋಡಿಯಂ ಇದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲಿದೆ? ಪರೀಕ್ಷೆಗೆ ತಂದ ಪದಾರ್ಥದಲ್ಲಿಯೋ, ಅದನ್ನು ಹಿಡಿದ ತಂತಿಯ ಮೇಲೆಯೋ, ಕೊಠಡಿಯ ಧೂಳಿನಲ್ಲಿಯೋ?

ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ವಿಜ್ಞಾನಿಗಳನ್ನು ಬಹಳ ಕಾಡಿತು. ಸೋಡಿಯಂ ಇಲ್ಲವೆಂದು ಭಾವಿಸಿದ್ದ ಪದಾರ್ಥಗಳಲ್ಲಿಯೂ ಹಳದಿ ಗೆರೆ ತಲೆದೋರುತ್ತಿದ್ದುದರಿಂದ, ಅದು ನೀರಿನ ಗೆರೆಯಿರಬಹುದೆಂದು ಊಹಿಸಿದವರೂ ಇದ್ದರು. ಲೇಶಮಾತ್ರ ಉಪ್ಪೂ ಈ ಗೆರೆಯನ್ನು ಕೊಡಬಲ್ಲದೆಂದು 1856ರಲ್ಲಿ ವಿಲಿಯಂ ಸ್ವಾನ್ ತೋರಿಸಿದ. 1860ರಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಕೊಠಡಿಯ ಒಂದು ಮೂಲೆಯಲ್ಲಿ ಅತ್ಯಲ್ಪ ಸೋಡಿಯಂ ಲವಣವನ್ನು ಸಿಡಿಸಿ, ದೂರದ ಜ್ವಾಲೆಯನ್ನು ನೋಡುತ್ತ ಕುಳಿತರು. ಕೆಲವು ನಿಮಿಷಗಳಲ್ಲಿ ಹಳದಿ ಗೆರೆ ಮೂಡಿತು. ಒಂದು ಮಿಲಿಗ್ರಾಮಿನ 30 ಲಕ್ಷದಲ್ಲೊಂದು ಪಾಲನ್ನೂ ಕಣ್ಣು ಗುರುತಿಸಬಲ್ಲದೆಂದು ಅವರು ಲೆಕ್ಕ ಹಾಕಿದರು. ಇದೇ ಸೂಕ್ಷ್ಮತೆಯಿಂದ ಅವರಿಗೆ ಸೀಸಿಯಂ, ರುಬಿಡಿಯಂ ಎಂಬ ಹೊಸ ಧಾತುಗಳು ದೊರೆತವು. ಇದೇ ಸೂಕ್ಷ್ಮತೆ ಅಜಾಗರೂಕನಿಗೆ ಇಲ್ಲದ ಸೋಡಿಯಂ ಅನ್ನು ಇದೆಯೆಂದು ತೋರಿಸುತ್ತದೆ. ಆದುದರಿಂದಲೇ ಮಾದರಿಯಿಲ್ಲದೆ ಅದೇ ಪರೀಕ್ಷೆಯನ್ನು ಒಮ್ಮೆ ನಡೆಸಬೇಕೆಂಬ ಕಟ್ಟಳೆ.

ಇನ್ನು ಬಾವಿಯ ನೀರಿನ ಉದಾಹರಣೆಯೊಂದನ್ನು ವಿಚಾರಿಸೋಣ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕ ವಿಧಿಸುತ್ತದೆ. ಮೀರಿದರೆ ಎಳೆಯ ಶಿಶುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ನೈಟ್ರೇಟು 220 ನ್ಯಾನೋಮೀಟರಿನ ಅತಿನೇರಿಳೆ ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ಹೀರಿಕೆಯನ್ನು ಅಳೆದು ಅದರ ಪ್ರಮಾಣವನ್ನು ತಿಳಿಯಬಹುದು. ತೊಡಕೆಂದರೆ, ಕೊಳೆತ ಎಲೆ ಮೊದಲಾದವುಗಳಿಂದ ನೀರಿಗೆ ಸೇರಿದ ಸಾವಯವ ವಸ್ತುಗಳೂ ಅಲ್ಲಿಯೇ ಹೀರುತ್ತವೆ. ಅವು 275ರಲ್ಲಿಯೂ ಹೀರುತ್ತವೆ, ನೈಟ್ರೇಟು ಅಲ್ಲಿ ಹೀರುವುದಿಲ್ಲ. ಆದುದರಿಂದ 275ರ ಅಂಕವನ್ನು ಇಮ್ಮಡಿಸಿ 220ರ ಅಂಕದಿಂದ ಕಳೆಯುವುದು ವಾಡಿಕೆ. ತೆಳುಗೊಳಿಸಿದ ಮಾದರಿಯೊಂದರಲ್ಲಿ ಈ ಅಂಕಗಳು 0.60 ಮತ್ತು 0.05 ಎಂದಿಟ್ಟುಕೊಳ್ಳಿ, ನೈಟ್ರೇಟಿನ ಪಾಲು 0.50 ಮಾತ್ರ. ತಿದ್ದದೆ ಬಿಟ್ಟರೆ 40 ಮಿಲಿಗ್ರಾಮಿನ ನೀರು 48 ಎಂದು ವರದಿಯಾಗಿ, ನಿರಪರಾಧಿಯಾದ ಬಾವಿಗೆ ಶಿಕ್ಷೆಯಾಗುತ್ತದೆ. ಇಮ್ಮಡಿ ಎಂಬುದೂ ಅನುಭವದಿಂದ ಬಂದ ಸಂಖ್ಯೆಯೇ ಹೊರತು ಪ್ರಕೃತಿಯ ನಿಯಮವಲ್ಲ; ಸಾವಯವ ವಸ್ತು ಹೆಚ್ಚಾಗಿರುವ ನೀರಿಗೆ ಈ ವಿಧಾನವೇ ಸಲ್ಲದು.

ಒಂದರಂತೆ ಇನ್ನೊಂದು ತೋರುವ ಈ ಕಷ್ಟ ಬೆಳಕಿನ ಉಪಕರಣಗಳಿಗೆ ಮಾತ್ರ ಮೀಸಲಲ್ಲ. ದ್ರವ್ಯರಾಶಿ ರೋಹಿತಮಾಪಕದಲ್ಲಿ ಸಾರಜನಕವೂ ಕಾರ್ಬನ್ ಮಾನಾಕ್ಸೈಡೂ 28ರಲ್ಲಿಯೇ ನಿಲ್ಲುತ್ತವೆ. ಒಂದರ ನಿಜವಾದ ರಾಶಿ 28.006, ಇನ್ನೊಂದರದು 27.995, ಸಾಧಾರಣ ಉಪಕರಣಕ್ಕೆ ಈ ಭೇದ ತಿಳಿಯದು.

ಮೇಲೆ ಹೇಳಿದ ತಪ್ಪು ಅಂಕವನ್ನು ಏರಿಸುವಂಥದು. ಇಳಿಸುವ ತಪ್ಪು ಇದಕ್ಕಿಂತ ಅಪಾಯಕರ. ದ್ರಾವಣಕ್ಕೆ ಬಿದ್ದ ಬೆಳಕಿನಲ್ಲಿ ನೂರರಲ್ಲೊಂದು ಪಾಲು ಹೊರಬಂದರೆ ಹೀರಿಕೆ 2, ಸಾವಿರದಲ್ಲೊಂದು ಪಾಲಾದರೆ 3. ಉಪಕರಣದೊಳಗೆ ಅಲ್ಲಲ್ಲಿ ಚದುರಿದ ಬೇರೆ ತರಂಗದೂರದ ಬೆಳಕು ಸಾವಿರದಲ್ಲೊಂದು ಪಾಲಿನಷ್ಟು ಶೋಧಕವನ್ನು ಮುಟ್ಟುತ್ತಿದ್ದರೆ ಏನಾದೀತು? ನಿಜವಾದ ಹೀರಿಕೆ 1 ಇದ್ದಲ್ಲಿ ವ್ಯತ್ಯಾಸ ಗಮನಕ್ಕೇ ಬಾರದು. 2 ಇದ್ದಲ್ಲಿ 1.96 ಎಂದು ತೋರುತ್ತದೆ. 3 ಇದ್ದಲ್ಲಿ 2.70! ದ್ರಾವಣ ಎಷ್ಟೇ ಸಾಂದ್ರವಾದರೂ ಆ ಉಪಕರಣ 3ನ್ನು ದಾಟಿಸಲಾರದು. ದೀಪದ ಬೆಳಕು ಕ್ಷೀಣವಾಗಿರುವ 220ರ ಸುತ್ತಮುತ್ತ ಈ ದೋಷ ಇನ್ನೂ ಹೆಚ್ಚು. ನೈಟ್ರೇಟು 45 ಮಿಲಿಗ್ರಾಮಿನಷ್ಟಿರುವ ನೀರಿನ ಹೀರಿಕೆ, ಒಂದು ಸೆಂಟಿಮೀಟರ್ ಅಗಲದ ಕೋಶದಲ್ಲಿ, 2ನ್ನು ಮೀರುತ್ತದೆ. ಅಂದರೆ ಕೆಟ್ಟ ನೀರನ್ನು ಹಾಗೆಯೇ ಇಟ್ಟು ಅಳೆದರೆ ಒಳ್ಳೆಯದೆಂದು ತೇರ್ಗಡೆಯಾಗುವ ಸಂಭವವುಂಟು. ಅಂಕಗಳನ್ನು ಮೂರು ದಶಮಾಂಶ ಸ್ಥಾನದವರೆಗೆ ತೋರಿಸುವ ಹೊಸ ಉಪಕರಣವೂ ಇದಕ್ಕೆ ಹೊರತಲ್ಲ. ಆ ಸ್ಥಾನಗಳನ್ನು ಕಂಡು ಮರುಳಾಗಬಾರದು.

ಇದನ್ನು ಪತ್ತೆಹಚ್ಚಲು ದುಬಾರಿ ಸಾಧನವೇನೂ ಬೇಡ. ಮಾದರಿಗೆ ಅಷ್ಟೇ ಪ್ರಮಾಣದ ಶುದ್ಧ ಭಟ್ಟಿ ನೀರನ್ನು ಬೆರೆಸಿ ಮತ್ತೊಮ್ಮೆ ಅಳೆಯಿರಿ. ಹೀರಿಕೆ ಸರಿಯಾಗಿ ಅರ್ಧಕ್ಕಿಳಿದರೆ ಚದುರಿದ ಬೆಳಕಿನ ತೊಂದರೆ ಅಷ್ಟಾಗಿ ಇಲ್ಲ. 2.70 ಇದ್ದುದು 1.35 ಆಗದೆ 1.49ರಲ್ಲಿ ನಿಂತರೆ ಮೊದಲಿನ ಅಂಕವನ್ನು ಹೊಡೆದುಹಾಕಿ, ಹೀರಿಕೆ 1ಕ್ಕಿಂತ ಕೆಳಗಿಳಿಯುವವರೆಗೆ ತೆಳುಗೊಳಿಸುತ್ತ ಹೋಗಬೇಕು.