ವಕ್ರರೇಖೆಯಿಂದ ದಾರಿ ಜೋಡಿಸುವ ಕ್ರಮ

ತಿರುವನಂತಪುರದ ತಂಪಾನೂರ್ ನಿಲ್ದಾಣದಿಂದ ಹೊರಟ ರೈಲು ನೇರ ಹಳಿಯಿಂದ ಹಠಾತ್ತನೆ ತಿರುವಿಗೆ ಹೊರಳಿದರೆ ಪ್ರಯಾಣಿಕರಿಗೆ ಕುಲುಕು, ಹಳಿಗೆ ಸವೆತ. ಆದುದರಿಂದ ಭಾರತೀಯ ರೈಲ್ವೆಯು ಇವೆರಡರ ನಡುವೆ ಘನ ಪರವಲಯಾಕಾರದ ಸಂಕ್ರಮಣ ವಕ್ರವನ್ನು ಅಳವಡಿಸುತ್ತದೆ.

ಗಣಕ ಆಟದ ಹಂತಗಳನ್ನು ರಚಿಸುವವರಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಫ್ರಾನ್ಸಿನ ರೆನೊ ಕಾರು ಸಂಸ್ಥೆಯ ಪಿಯರ್ ಬೆಝಿಯೆ 1960ರ ದಶಕದಲ್ಲಿ ಬಳಕೆಗೆ ತಂದ ವಕ್ರರೇಖೆಗೆ ಸಾಮಾನ್ಯವಾಗಿ ನಾಲ್ಕು ಬಿಂದುಗಳಿರುತ್ತವೆ: ಎರಡು ತುದಿಬಿಂದುಗಳು, ಎರಡು ನಿಯಂತ್ರಣ ಬಿಂದುಗಳು. ಎರಡು ದಾರಿಗಳನ್ನು ಜೋಡಿಸುವಾಗ ಮೊದಲು ತುದಿಗಳನ್ನು ಕೂಡಿಸಬೇಕು. ಅನಂತರ ಸಂಧಿಯ ಇಕ್ಕೆಲಗಳ ನಿಯಂತ್ರಣ ಬಿಂದುಗಳು ಸಂಧಿಯೊಡನೆ ಒಂದೇ ಸರಳರೇಖೆಯಲ್ಲಿ ಬರುವಂತೆ ಸರಿಸಬೇಕು. ಅದೇ ರೇಖೆಯಲ್ಲಿ ಅವುಗಳನ್ನು ದೂರಕ್ಕೆ ಸರಿಸಿದಷ್ಟೂ ಸಂಧಿಯ ಬಳಿಯ ಬಾಗು ಸೌಮ್ಯವಾಗುತ್ತದೆ.

ತುದಿಗಳು ಕೂಡಿದ ಮಾತ್ರಕ್ಕೆ ದಾರಿ ಕೂಡುವುದಿಲ್ಲ, ದಿಕ್ಕೂ ಕೂಡಬೇಕು.