ಕೆನೋ, ಕಯಾಕ್ ಎಂಬ ದೋಣಿಪಂದ್ಯಗಳ ಪರಿಚಯ

ನೇತ್ರಾವತಿ, ಫಲ್ಗುಣಿ ಎಂಬ ಎರಡು ನದಿಗಳ ನಡುವೆ ವಾಸಿಸುವ ನಮಗೆ ದೋಣಿಯು ಹೊಸದಲ್ಲ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೊಳೆ ದಾಟಿದ ನೆನಪು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಇದ್ದೀತು. ಆದರೆ ದೋಣಿಯಲ್ಲಿ ಕೂತು ದಾಟಿದವರು ನಾವು. ಅದನ್ನು ನಡಿಸಿದವರು ಬೇರೆಯವರು. ಹೆಣ್ಣುಮಗಳು ತಾನೇ ಹುಟ್ಟು ಹಿಡಿದು ಪಂದ್ಯಕ್ಕೆ ಇಳಿಯಬಹುದೆಂಬದು ಬಹಳ ಮನೆಗಳಲ್ಲಿ ಇನ್ನೂ ಆಲೋಚನೆಗೆ ಬಂದ ವಿಷಯವಲ್ಲ. ಆದುದರಿಂದಲೇ ಈ ಪಾಠ.

ಮೊದಲು ಒಂದು ಭೇದವನ್ನು ತಿಳಿಯತಕ್ಕದ್ದು. ರೋಯಿಂಗ್ ಎಂಬ ಪಂದ್ಯದಲ್ಲಿ ಹುಟ್ಟು ದೋಣಿಯ ಅಂಚಿನ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಕುಳಿತವರು ಹಿಮ್ಮುಖವಾಗಿ ಸಾಗುತ್ತಾರೆ. ಕೆನೋ, ಕಯಾಕುಗಳಲ್ಲಿ ಹುಟ್ಟು ಕೈಯಲ್ಲಿ ಮಾತ್ರ ಇರುತ್ತದೆ. ಮುಖವು ಹೋಗುವ ದಿಕ್ಕಿಗೆ. ಕಯಾಕಿನಲ್ಲಿ ಕಾಲು ಚಾಚಿ ಕುಳಿತು, ಎರಡು ತುದಿಗೂ ಅಲಗುಳ್ಳ ಹುಟ್ಟಿನಿಂದ ಎಡಬಲಗಳಲ್ಲಿ ಸರದಿಯಂತೆ ನೀರನ್ನು ಎಳೆಯಬೇಕು. ಕೆನೋದಲ್ಲಿ ಮೊಣಕಾಲೂರಿ, ಒಂದೇ ಅಲಗಿನ ಹುಟ್ಟನ್ನು ಹಿಡಿಯಬೇಕು. ನೇರವಾದ ಓಟದಲ್ಲಿ ಅದನ್ನು ಒಂದೇ ಬದಿಗೆ ಹಾಕುವದರಿಂದ ದೋಣಿಯು ಮತ್ತೊಂದು ಬದಿಗೆ ತಿರುಗಲು ನೋಡುತ್ತದೆ. ಪ್ರತಿ ಎಳೆತದ ಕೊನೆಗೆ ಅಲಗನ್ನು ತುಸು ತಿರುಚಿ ಆ ಓರೆಯನ್ನು ಸರಿಪಡಿಸುವದೇ ಕೆನೋದವರ ವಿದ್ಯೆ. ಪಟ್ಟಿಗಳಲ್ಲಿ ಕಾಣುವ ‘ಕೆ-೧’, ‘ಸಿ-೨’ ಎಂಬ ಗುರುತುಗಳ ಅರ್ಥ ಇಷ್ಟೇ: ಅಕ್ಷರವು ದೋಣಿಯ ಜಾತಿ, ಅಂಕಿಯು ಅದರಲ್ಲಿರುವವರ ಸಂಖ್ಯೆ.

ಇನ್ನು ಪಂದ್ಯಗಳು. ನಿಂತ ನೀರಿನಲ್ಲಿ ಸಾಲುಸಾಲಾಗಿ ೨೦೦, ೫೦೦ ಇಲ್ಲವೆ ೧೦೦೦ ಮೀಟರು ಓಡುವದು ಸ್ಪ್ರಿಂಟ್. ಒಬ್ಬರ ಕಯಾಕು ೫.೨೦ ಮೀಟರಿಗಿಂತ ಉದ್ದವಿರಕೂಡದು, ೧೨ ಕಿಲೋಗ್ರಾಮಿಗಿಂತ ಹಗುರವಿರಕೂಡದು. ಅಗಲವಂತೂ ಎಷ್ಟು ಕಡಿಮೆಯೆಂದರೆ, ಹೊಸಬರು ಕೂತೊಡನೆ ಮಗುಚುತ್ತಾರೆ. ಇದು ೧೯೩೬ರ ಬರ್ಲಿನ್ ಒಲಿಂಪಿಕ್ಸಿನಿಂದ ನಡೆದು ಬಂದಿದೆ.

ಸ್ಲಾಲಮ್ ಎಂಬದು ಭೋರ್ಗರೆಯುವ ನೀರಿನ ಪಂದ್ಯ. ನೀರಿನ ಮೇಲೆ ತೂಗಹಾಕಿದ ಜೋಡಿ ಕೋಲುಗಳೇ ಬಾಗಿಲುಗಳು. ಹಸುರು ಬಾಗಿಲನ್ನು ಹರಿವಿನೊಡನೆ ದಾಟಬೇಕು; ಕೆಂಪು ಬಾಗಿಲಿಗೆ ಪ್ರವಾಹದ ವಿರುದ್ಧ ತಿರುಗಿ ಏರಬೇಕು. ಕೋಲಿಗೆ ತಗಲಿದರೆ ೨ ಸೆಕೆಂಡು, ಬಾಗಿಲು ತಪ್ಪಿದರೆ ೫೦ ಸೆಕೆಂಡು ದಂಡ. ಬಲಕ್ಕಿಂತ ಕಣ್ಣೂ ತಾಳ್ಮೆಯೂ ಇಲ್ಲಿ ಹೆಚ್ಚು ಬೇಕು. ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ.

ಸ್ತ್ರೀಯರ ವಿಷಯ ಇಲ್ಲಿ ಹೇಳಲೇಬೇಕು. ೧೯೪೮ರಲ್ಲಿ ಲಂಡನಿನಲ್ಲಿ ಅವರಿಗೆ ಕಯಾಕಿನ ೫೦೦ ಮೀಟರ್ ಪಂದ್ಯವು ದೊರೆಯಿತು. ಡೆನ್ಮಾರ್ಕಿನ ಕಾರೆನ್ ಹೋಫ್ ಗೆದ್ದರು. ಕೆನೋದ ಬಾಗಿಲು ಮಾತ್ರ ಮುಂದೆ ೭೩ ವರ್ಷ ಮುಚ್ಚಿಯೇ ಇತ್ತು. ಮೊಣಕಾಲೂರಿ ಒಂದೇ ಬದಿಗೆ ಬಲ ಹಾಕುವದು ಸ್ತ್ರೀಶರೀರಕ್ಕೆ ಹಾನಿಕರವೆಂದು ವಾದಿಸಿದವರಿದ್ದರು. ಹೆಣ್ಣುಮಕ್ಕಳನ್ನು ಕಲಿಸುವ ನಮಗೆ ಇಂಥ ವಾದಗಳು ಹೊಸವಲ್ಲ. ಒಂದು ಕಾಲದಲ್ಲಿ ಸೈಕಲ್ಲಿನ ವಿಷಯದಲ್ಲಿಯೂ ಹೀಗೆಯೇ ಹೇಳುತ್ತಿದ್ದರು. ೨೦೨೧ರಲ್ಲಿ ಟೋಕಿಯೋದಲ್ಲಿ ಬಾಗಿಲು ತೆರೆಯಿತು. ಆಸ್ಟ್ರೇಲಿಯದ ಜೆಸಿಕಾ ಫಾಕ್ಸ್ ಸ್ಲಾಲಮಿನಲ್ಲಿಯೂ, ೧೯ ವರ್ಷದ ಅಮೇರಿಕದ ನೆವಿನ್ ಹ್ಯಾರಿಸನ್ ೨೦೦ ಮೀಟರಿನಲ್ಲಿಯೂ ಮೊದಲ ಚಿನ್ನದ ಪದಕಗಳನ್ನು ಪಡೆದರು.

ಉಳಿದವುಗಳನ್ನು ಹೆಸರಿಸಿದರೆ ಸಾಕು. ಮ್ಯಾರಥಾನಿನಲ್ಲಿ ದೋಣಿಯನ್ನು ಹೊತ್ತು ದಡದ ಮೇಲೆ ಓಡುವ ಭಾಗವೂ ಉಂಟು. ಕೆನೋ ಪೋಲೋ ಎಂಬದು ಐದೈದು ಮಂದಿಯ ಚೆಂಡಾಟ. ಡ್ರ್ಯಾಗನ್ ದೋಣಿಯಲ್ಲಿ ೨೦ ಮಂದಿ ನಗಾರಿಯ ತಾಳಕ್ಕೆ ಹುಟ್ಟು ಹಾಕುತ್ತಾರೆ. ಹಲಗೆಯ ಮೇಲೆ ನಿಂತು ಸಾಗುವ ಪಂದ್ಯವನ್ನು ನಮ್ಮವರು ಇಲ್ಲಿಯೇ ಕಂಡರು. ೨೦೨೪ರ ಮಾರ್ಚಿಯಲ್ಲಿ ಸಸಿಹಿತ್ಲಿನಲ್ಲಿ ದೇಶವಿದೇಶಗಳವರು ಸೇರಿದ್ದರು.

ನಮ್ಮ ದೇಶದ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಎಂಬವರು ೨೦೨೩ರಲ್ಲಿ ಹಾಂಗ್‌ಝೌ ಏಶ್ಯನ್ ಕ್ರೀಡೆಗಳಲ್ಲಿ ಸಿ-೨ರ ಕಂಚನ್ನು ತಂದರು. ಆದರೆ ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕಾದವರು ಗ್ವಾಲಿಯರಿನ ಪ್ರಾಚಿ ಯಾದವ್. ಕಾಲುಗಳಲ್ಲಿ ಬಲವಿಲ್ಲದ ಈಕೆ ಮೊದಲು ಈಜು ಕಲಿತು, ಆ ಮೇಲೆ ಭೋಪಾಲದ ಕೆರೆಯಲ್ಲಿ ಹುಟ್ಟು ಹಿಡಿದರು. ಟೋಕಿಯೋ ಪ್ಯಾರಾಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಎಂಟನೆಯವರಾದರು. ೨೦೨೩ರ ಏಶ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಚಿನ್ನವನ್ನೂ ಬೆಳ್ಳಿಯನ್ನೂ ಗಳಿಸಿದರು.

ಈಜು ಮೊದಲು, ಹುಟ್ಟು ಆ ಮೇಲೆ ಎಂಬ ಕ್ರಮವನ್ನು ಯಾರೂ ಬದಲಿಸಬಾರದು. ನಮ್ಮಲ್ಲಿ ಎಮ್ಮೆಕೆರೆಯಲ್ಲಿ ಈಜುಕೊಳವಿದೆ. ಈಜು ಬಂದ ಹುಡುಗಿಯೂ ತೇಲಂಗಿಯಿಲ್ಲದೆ ದೋಣಿ ಹತ್ತತಕ್ಕದ್ದಲ್ಲ. ಆರಂಭಕ್ಕೆ ಅಗಲವಾದ ಕಯಾಕೇ ಯೋಗ್ಯ. ಮಗುಚಿದ ದೋಣಿಯಿಂದ ಹೊರಬರುವದನ್ನು ಗುರುಗಳ ಎದುರಿಗೆ ಮೊದಲ ದಿನವೇ ಅಭ್ಯಾಸ ಮಾಡಿಸಬೇಕು. ಮಳೆಗಾಲದಲ್ಲಿ ನಮ್ಮ ಹೊಳೆಗಳಿಗೆ ಇಳಿಯುವ ಮಾತೇ ಇಲ್ಲ. ಬೇಸಿಗೆಯಲ್ಲಿಯೂ ಅಳಿವೆಬಾಗಿಲಿನಿಂದ ದೂರವಿದ್ದು, ಭರತ ಇಳಿತಗಳ ವೇಳೆಯನ್ನು ಕೇಳಿಕೊಂಡು, ಗಾಳಿಯೇಳುವ ಮೊದಲು ಬೆಳಿಗ್ಗೆಯೇ ಹೊರಡಬೇಕು.